ಸುಣ್ಣದ ಅಂಕಿಗಳು

ರೇವನ್‌ಹೋಪ್
24 ಮಾರ್ಚ್ 1963

ತಮ್ಮ ಲ್ಯಾನ್ಸ್‌ಗೆ ಅಕ್ಕ ಹ್ಯಾನಾ ಬರೆಯುವುದು.

ಈ ವಾರ ಮೂರು ಸಲ ಅದೇ ಕೆಟ್ಟ ಕನಸು ಬಿತ್ತು. ನಾನು ಸ್ಕೂಲಿನಲ್ಲಿದ್ದೇನೆ, ಈ ಐವತ್ತೆರಡನೇ ವಯಸ್ಸಿನಲ್ಲಿ, ಏಪ್ರನ್ ಕಟ್ಟಿಕೊಂಡು. ಬೆಂಚುಗಳ ಮೇಲೆ ಮಕ್ಕಳ ಬದಲು ಕಲ್ಲುಗಳು ಕೂತಿವೆ. ಟೀಚರು ಹಾಜರಿ ಕರೆಯುತ್ತಾರೆ. ಒಂದು, ಎರಡು, ಮೂರು. ಯಾವುದೂ ಬಾಯಿ ಬಿಡುವುದಿಲ್ಲ. ಎಲ್ಲವೂ ಹಿಂದಿನ ಬೆಂಚಿನಲ್ಲಿರುವ ನನ್ನ ಕಡೆಗೆ ತಿರುಗುತ್ತವೆ. ಕಲ್ಲಿಗೆಲ್ಲಿಯ ಕಣ್ಣು ಅಂತ ನೀನು ನಗುತ್ತೀಯ. ನಗು.

ಕನಸಿಗೆ ಕಾರಣ ಇದೆ. ಕ್ರಿಸ್‌ಮಸ್ ಮಾರನೆಯ ದಿನ ಬಿದ್ದ ಹಿಮ ಕರಗಿದ್ದು ಈ ತಿಂಗಳ ಮೊದಲ ವಾರ. ಹತ್ತು ವಾರ ನದಿಯೇ ಹೆಪ್ಪುಗಟ್ಟಿತ್ತು, ಅದರ ಮೇಲೆ ಕುರಿ ದಾಟಿಸಿದರು. ಕರಗಿದ ಮೇಲೆ ಹಳೆಯ ಕಟ್ಟಡಗಳ ಇಲಾಖೆ ನನಗೆ ಒಪ್ಪಿಸಿದ ಬೀಗದ ಕೈ ತೆಗೆದುಕೊಂಡು ರೋಮನ್ ಕಾಲದ ಹಾಳು ಬಚ್ಚಲುಮನೆಯ ಗೇಟು ತೆರೆಯಲು ಹೋದರೆ, ಪಡುವಣ ಗೋಡೆಯ ಮುಖ ಕಳಚಿ ಚಪ್ಪಡಿಯ ಮೇಲೆ ಬಿದ್ದಿತ್ತು. ಸೈನಿಕರು ಬಟ್ಟೆ ಬಿಚ್ಚಿಡುತ್ತಿದ್ದ ಕೋಣೆ, ಐದು ಗೂಡುಗಳ ಗೋಡೆ. ಐವತ್ತೈದರಲ್ಲಿ ನೀನೂ ರಾಲ್ಫ್ ಹೆಡ್ಲಿಯೂ ಕಲ್ಲು ಕಲ್ಲಾಗಿ ಇಳಿಸಿ, ಆಮೇಲೆ ನೀನು ಮತ್ತೆ ಕಟ್ಟಿದ ಗೋಡೆ. ಸಂದಿಗೆ ನೀರು ಹೋಗಿ ಹೆಪ್ಪುಗಟ್ಟಿ ಒಡೆದಿದೆ. ರೋಮಿನವರು ಕಟ್ಟಿದ ಮಿಕ್ಕ ಮೂರು ಗೋಡೆಗಳಿಗೆ ಏನೂ ಆಗಿಲ್ಲ. ಇದನ್ನು ಬರೆದೆನೆಂದು ಬೇಜಾರು ಮಾಡಿಕೊಳ್ಳಬೇಡ.

ನಾನು ಇಲಾಖೆಗೆ ಕಾರ್ಡು ಹಾಕಿದೆ. ಹಾಕಬಾರದಿತ್ತೇನೋ. ಕಾರ್ಸ್‌ವೆಲ್ ಅಂತ ಹೊಸ ಅಧಿಕಾರಿ ಬಂದರು, ಚಿಕ್ಕ ವಯಸ್ಸು, ಒಳ್ಳೆಯ ಬೂಟು. ಯಾವುದೋ ಹಳೆಯ ಫೋಟೋ ಹಿಡಿದು ಗೋಡೆಯ ಮುಂದೆ ಒಂದು ಗಂಟೆ ನಿಂತರು. ಕೊನೆಗೆ, “ಮಿಸ್ ಡಾಡ್, ಈ ಗೋಡೆ ಯಾವತ್ತೂ ಹೀಗಿರಲೇ ಇಲ್ಲ. ಎರಡನೇ ಗೂಡಿನ ಕಲ್ಲು ನಾಲ್ಕರಲ್ಲಿದೆ, ನಾಲ್ಕರದ್ದು ಐದರಲ್ಲಿ. ಯಾರು ಕಟ್ಟಿದ್ದು?” ಅಂದರು. ಫೈಲಿನಲ್ಲೇ ಇದೆಯಂತೆ, ಓದಿಯೂ ಹೇಳಿದರು. ಕಲ್ಲುಗಳಿಗೆ ಅಂಕಿ ಹಾಕಿದ ಮೇಸ್ತ್ರಿ ಆರ್. ಹೆಡ್ಲಿ ಎಣ್ಣೆ ಬಣ್ಣದ ಬದಲು ಸುಣ್ಣ ಬಳಸಿದ್ದ, ಮುಂಜಾನೆಯ ಮಳೆಗೆ ಅಂಕಿಗಳು ಅಳಿಸಿಹೋದವು ಎಂದು ಜೊತೆ ಕೆಲಸಗಾರ ಎಲ್. ಡಾಡ್ ಹೇಳಿಕೆ ಕೊಟ್ಟಿದ್ದಾನೆ, ಹೆಡ್ಲಿಯನ್ನು ಅಜಾಗರೂಕತೆಗಾಗಿ ತೆಗೆದುಹಾಕಲಾಗಿದೆ. ಇಷ್ಟೇ.

ಈಗ ಗೋಡೆಯನ್ನು ಬಿಚ್ಚಿ ಬೇಸಿಗೆಯಲ್ಲಿ ಮತ್ತೆ ಕಟ್ಟುತ್ತಾರಂತೆ. ರಾಲ್ಫ್ ಕೆಲಸಕ್ಕೆ ಅರ್ಜಿ ಹಾಕಿದ. ಹಳೆಯ ಫೈಲು ನೋಡಿ ಇಲ್ಲ ಅಂದರು. ಕಳೆದ ಭಾನುವಾರ ಪ್ರಾರ್ಥನೆ ಮುಗಿಸಿ ಎಂದಿನ ಹಾಗೆ ಟೀಗೆ ಬಂದವನು ಟೋಪಿಯನ್ನೂ ತೆಗೆಯದೆ ಕೂತ.

“ಹ್ಯಾನಾ, ಆವತ್ತು ಮಳೆ ಬಂದಿತ್ತಾ?”

“ಎಂಟು ವರ್ಷದ ಮಾತು ರಾಲ್ಫ್, ನಂಗೇನು ನೆನಪಿರುತ್ತೆ?”

“ನಂಗಿದೆ. ಸುಣ್ಣ ಬಳಿದದ್ದು ತಪ್ಪೇ, ಒಪ್ತೀನಿ. ಬಣ್ಣ ಬಂದಿರ್ಲಿಲ್ಲ, ಕೆಲ್ಸ ನಿಲ್ಲಿಸ್ಬೇಡ ಅಂದ್ರು, ಬಳಿದೆ. ಆದ್ರೆ ಸುಣ್ಣ ಎದ್ದು ನಡ್ಕೊಂಡು ಹೋಗಲ್ಲ. ನಾನು ಸ್ಟೇಷನ್ನಿಂದ ಬರೋವಾಗ ದಾರಿ ಉದ್ದಕ್ಕೂ ಧೂಳು ಏಳ್ತಿತ್ತು. ಏಳು ಮೈಲಿ ಧೂಳು, ಇಲ್ಲಿ ಮಾತ್ರ ಮಳೆ! ಲ್ಯಾನ್ಸ್‌ಗೆ ಬರಿ. ಮಳೆ ಬಂದದ್ದು ಖಾತ್ರಿಯಿಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕಿದ್ರೆ ಸಾಕು. ಇನ್ನೊಂದ್ಸಲ ಆ ಗೋಡೆ ಮುಟ್ಬೇಕು ನಾನು. ಐವತ್ತಾರು ವಯಸ್ಸು, ಇನ್ಯಾವಾಗ ಮುಟ್ಲಿ?”

ಬರೆಯುತ್ತೇನೆ ಅಂದೆ. ಬರೆದಿದ್ದೇನೆ. ನಿನಗೆ ನೆನಪಿಲ್ಲದಿದ್ದರೆ ನೆನಪಿಲ್ಲ ಅಂತಲೇ ಬರಿ, ಅದರಲ್ಲಿ ತಪ್ಪಿಲ್ಲ. ಜುಲೈ ಕೊನೆಗೆ ಕೆಲಸಗಾರರ ಪಟ್ಟಿ ಮುಗಿಯುತ್ತದಂತೆ.

ಬೂಟು ಹಾಕುವ ಮೊದಲು ಜಾಡಿಸುತ್ತೀಯ ತಾನೇ? ಆಸ್ಟ್ರೇಲಿಯದ ಜೇಡದ ಬಗ್ಗೆ ಪೇಪರಿನಲ್ಲಿ ಓದಿದೆ.

ನಿನ್ನ ಅಕ್ಕ
ಹ್ಯಾನಾ

ಬಲ್ಲಾರಟ್
14 ಏಪ್ರಿಲ್ 1963

ಅಕ್ಕ,

ಮಳೆ ಬಂದಿತ್ತು. ಚೆನ್ನಾಗಿ ಬಂದಿತ್ತು. ಬೆಳಿಗ್ಗೆ ಒಂದು ಗಂಟೆ ಸುರಿದು ನಿಂತಿತು. ರಾಲ್ಫ್ ಆಗ ಸುಣ್ಣ ತರಲು ಸ್ಟೇಷನ್ನಿಗೆ ಹೋಗಿದ್ದ, ಅವನಿಗೇನು ಗೊತ್ತು? ಆವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ಕೆಳಗೆ ಸಹಿ ಹಾಕಿದ್ದೇನೆ, ಯಾರಿಗೆ ಬೇಕಾದರೂ ತೋರಿಸು.

ಗೋಡೆ ಬಿದ್ದದ್ದಕ್ಕೆ ನಾನೇನು ಮಾಡಲಿ. ಅರವತ್ತಮೂರು ಕಲ್ಲು, ಒಂದರ ಮೇಲೂ ಅಂಕಿ ಇಲ್ಲ. ನಕ್ಷೆಯಲ್ಲಿ ನಲವತ್ತೊಂದು ಇಲ್ಲಿ ಅಂತ ಬರೆದಿದ್ದರೆ, ನಲವತ್ತೊಂದು ಯಾವುದು ಅಂತ ಕಲ್ಲು ಹೇಳಬೇಕಲ್ಲ? ನೆನಪಿನ ಮೇಲೆ ಕಟ್ಟಿದೆ. ನೋಡುವವರಿಗೆ ಎಂಟು ವರ್ಷ ಸರಿಯಾಗಿಯೇ ಕಂಡಿತು.

ಅದಿರಲಿ. ಎಂಟು ವರ್ಷ ನಿನ್ನ ಮನೆಯ ಟೀ ಕುಡಿದು, ನಿನ್ನ ಕೇಕು ತಿಂದು, ಆಡಬೇಕಾದ ಮಾತು ಒಂದನ್ನೂ ಆಡದವನು ಈಗ ಬಾಯಿ ಬಿಟ್ಟದ್ದು ಮಳೆ ಬಂತಾ ಅಂತ ಕೇಳಲಿಕ್ಕಾ? ಮದುವೆ ಮಾಡಿಕೊಳ್ಳುವ ಯೋಚನೆಯಿದ್ದು, ಅದಕ್ಕೊಂದು ಕೆಲಸ ಬೇಕಾಗಿದ್ದರೆ ನೇರ ಹೇಳಲಿ. ನಿನಗೂ ಅದೇ ಆಸೆ ಇದ್ದು ಈ ಕಾಗದ ಬರೆದಿದ್ದರೆ, ಅಕ್ಕ, ಈ ವಯಸ್ಸಿಗೆ ಅದು ಬೇಡ.

ಇಲ್ಲಿ ಒಂದು ಇಗರ್ಜಿಯ ಗೋಪುರ ಕಟ್ಟುತ್ತಿದ್ದೇವೆ. ನನ್ನ ಕೈಕೆಳಗೆ ಒಂಬತ್ತು ಜನ. ಡಾರಿನ್‌ಗೂ ಮಕ್ಕಳಿಗೂ ಆರಾಮ. ಜೇಡ ಇನ್ನೂ ಕಚ್ಚಿಲ್ಲ.

ಲ್ಯಾನ್ಸೆಲಾಟ್ ಡಾಡ್

ರೇವನ್‌ಹೋಪ್
12 ಮೇ 1963

ತಮ್ಮ ಲ್ಯಾನ್ಸ್‌ಗೆ,

ನಿನ್ನ ಕಾಗದ ಓದಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೊದಲು ಹಗುರವಾಯಿತು. ಆಮೇಲೆ ಆ ಹಗುರಕ್ಕೇ ನಾಚಿಕೆಯಾಯಿತು. ಯಾಕೆಂದು ಕೇಳಬೇಡ.

ಮದುವೆಯ ಮಾತು ಬರೆದಿದ್ದೀಯ. ಅದನ್ನು ಮಡಿಸಿ ಒಳಗಿಟ್ಟು ಮೇಲಿನ ಭಾಗ ಮಾತ್ರ ರಾಲ್ಫ್‌ಗೆ ತೋರಿಸಿದೆ. ಅವನು ಎರಡು ಸಲ ಓದಿದ.

“ಚೆನ್ನಾಗಿ ಬಂದಿತ್ತು ಅಂತೆ. ನಿನ್ನ ತಮ್ಮ ಆಸ್ಟ್ರೇಲಿಯದಲ್ಲಿ ಕೂತು ರೇವನ್‌ಹೋಪಿಗೆ ಮಳೆ ಸುರಿಸ್ತಾನೆ. ಪಾದ್ರಿಗಳಿಗೆ ಹೇಳು, ಬರಗಾಲ ಬಂದ್ರೆ ಅವನಿಗೇ ಬರೀಲಿ.”

ಮರುದಿನ ಅವನು ನದಿಯಾಚೆಯ ಎಲಿಯಟ್ ಮುದುಕನ ಕಣಜಕ್ಕೆ ಹೋದ. ಅಲ್ಲಿ ಬಾಗಿಲಿನ ಒಳಮೈಗೆ ಎಲಿಯಟ್ ಮನೆಯವರು ವರ್ಷವರ್ಷವೂ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ, ಕುರಿಗೆ ಉಣ್ಣೆ ಕತ್ತರಿಸಿದ್ದು ಯಾವಾಗ, ಹುಲ್ಲು ಒಳಗೆ ಬಂದದ್ದು ಯಾವಾಗ ಎಂದು. ಅವರಪ್ಪ, ತಾತ ಬರೆದದ್ದೂ ಇದೆ. ‘1955 ಜುಲೈ 11ರಿಂದ 16. ಹುಲ್ಲು ಪೂರ್ತಿ ಬಂತು. ಒಂದು ಹನಿ ಬೀಳಲಿಲ್ಲ.’ ಅಂಕಿ ಹೋದದ್ದು ಹದಿನಾಲ್ಕಕ್ಕೆ. ರಾಲ್ಫ್ ಕಾರ್ಸ್‌ವೆಲ್ ಅವರನ್ನು ಕೆಸರಿನಲ್ಲಿ ನಡೆಸಿಕೊಂಡು ಹೋಗಿ ಬಾಗಿಲು ತೋರಿಸಿದ. ನಾನೂ ಹೋದೆ. ಹೋಗದಿರಲು ಆಗಲಿಲ್ಲ.

ಕಾರ್ಸ್‌ವೆಲ್ ಕನ್ನಡಕ ಒರೆಸಿಕೊಂಡು ಓದಿದರು. “ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಆದ್ರೆ ಮಿಸ್ಟರ್ ಹೆಡ್ಲಿ, ಬಾಗಿಲನ್ನ ಫೈಲಿಗೆ ಹಚ್ಚೋಕಾಗಲ್ಲ.”

“ಕೀಲು ಬಿಚ್ಚಿ ಕೊಡ್ತೀನಿ, ಹೊತ್ಕೊಂಡು ಹೋಗಿ” ಅಂದ ಎಲಿಯಟ್ ಮುದುಕ.

“ಮಳೆ ಬಂತು ಅಂತ ಸ್ಥಳದಲ್ಲಿದ್ದವರು ಬರೆದುಕೊಟ್ಟಿದ್ದಾರಲ್ಲ. ಇವರು ಹೊಲದಲ್ಲಿದ್ರು. ಅವರು ಬಚ್ಚಲಲ್ಲಿದ್ರು.”

ಹೌದು ಲ್ಯಾನ್ಸ್, ನಿನ್ನ ಕಾಗದವನ್ನು ಅವರು ಕೇಳಿದರು, ನಾನು ಕೊಟ್ಟುಬಿಟ್ಟೆ. ಇಲ್ಲ ಅನ್ನಬಹುದಿತ್ತು. ನಾಳೆ ಕೊಡುತ್ತೇನೆ ಅನ್ನಬಹುದಿತ್ತು. ಕೈ ತಾನಾಗಿ ಮುಂದೆ ಹೋಯಿತು. ವಾಪಸು ಬರುವಾಗ ರಾಲ್ಫ್ ಸೇತುವೆಯ ಹತ್ತಿರ, “ನಿಂಗೂ ಆ ದಿನ ನೆನಪಿಲ್ಲ ಅಲ್ವಾ?” ಅಂತ ಮಾತ್ರ ಕೇಳಿದ.

ತಮ್ಮಾ, ಎಲಿಯಟ್ ಮುದುಕ ಸುಳ್ಳು ಬರೆಯುವವನಲ್ಲ. ಎಂಟು ವರ್ಷ ಮೊದಲೇ ಯಾತಕ್ಕಾಗಿ ಬರೆದಾನು? ಬೇರೆ ಯಾವುದೋ ವಾರದ ಮಳೆಯನ್ನು ನೀನು ನೆನಪಿಸಿಕೊಂಡಿರಬಹುದು. ಹಾಗಂತ ಒಂದು ಸಾಲು ಬರೆಯಲು ಆಗುತ್ತದೆಯೇ? ಆಗದಿದ್ದರೆ ಬೇಡ. ಆದರೂ ನೋಡು.

ನಿನ್ನ ಅಕ್ಕ
ಹ್ಯಾನಾ

ಬಲ್ಲಾರಟ್
16 ಜೂನ್ 1963

ಅಕ್ಕ,

ನಿನ್ನ ಕಾಗದವೂ ಅದರ ಬೆನ್ನಿಗೇ ಬಂದ ಇನ್ನೆರಡೂ ತಲುಪಿದವು. ನನಗೆ ಕೆಲಸ ಇದೆ.

ಬಾಗಿಲಿನ ಮೇಲೆ ಯಾರು ಏನು ಗೀಚಿದ್ದಾರೆಂದು ನನಗೆ ಬೇಕಿಲ್ಲ. ಬರೆದದ್ದನ್ನು ತಿರುಗಿಸಿ ಬರೆದರೆ ನಾನು ಸುಳ್ಳುಗಾರನಾಗುತ್ತೇನೆ. ಇಲ್ಲಿಗೆ ಬರುವಾಗ ನನ್ನ ಕೈಯಲ್ಲಿದ್ದದ್ದು ಆ ಇಲಾಖೆಯ ಪ್ರಮಾಣಪತ್ರ ಒಂದೇ. ಅದರಲ್ಲಿ ಮೇಸ್ತ್ರಿ ಅಂತ ಇದೆ. ಅದಕ್ಕೆ ಮಸಿ ಹತ್ತಿಸುವ ಕೆಲಸ ನನ್ನ ಅಕ್ಕನೇ ಮಾಡುತ್ತಾಳೆ ಅಂದುಕೊಂಡಿರಲಿಲ್ಲ.

ನೀನು ಸುಮ್ಮನಿರು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಬಿಸಿಲಿಗೆ ಹೋಗಬೇಡ, ತಲೆನೋವು ಬರುತ್ತದೆ.

ಲ್ಯಾನ್ಸ್

ರೇವನ್‌ಹೋಪ್
14 ಜುಲೈ 1963

ಲ್ಯಾನ್ಸ್,

ಹೇಳಿಬಿಟ್ಟೆ. ಮೊನ್ನೆ ಶುಕ್ರವಾರ ಹೇಳಿಬಿಟ್ಟೆ. ನಿನಗೆ ಮೊದಲು ಬರೆಯಬೇಕಿತ್ತು, ಧೈರ್ಯ ಒಂದೇ ಸಲಕ್ಕೆ ಸಾಕಾಗುವಷ್ಟಿತ್ತು, ಅದನ್ನು ಅವರಿಗೆ ಖರ್ಚು ಮಾಡಿದೆ.

ಮಳೆ ಬಂದಿರಲಿಲ್ಲ. ಅಂಕಿಗಳನ್ನು ತೊಳೆದವಳು ನಾನು.

ಇವತ್ತಿಗೆ ಸರಿಯಾಗಿ ಎಂಟು ವರ್ಷ. ಆವತ್ತು ಗುರುವಾರ, ಮರುದಿನ ಶುಕ್ರವಾರ ಲಂಡನ್ನಿನಿಂದ ದೊಡ್ಡವರು ನೋಡಲು ಬರುವವರಿದ್ದರು, ಜೊತೆಗೆ ಒಬ್ಬರು ಲೇಡಿ. ಕೆಲಸಗಾರರ ಗುಡಿಸಲನ್ನು ಗುಡಿಸಿ ಟೀ ಬಟ್ಟಲು ತೊಳೆದು ಇಡು ಅಂತ ನನಗೆ ಹೇಳಿದ್ದರು. ಅದು ಏಳು ಗಂಟೆಗೇ ಮುಗಿಯಿತು. ಹೊರಗೆ ಬಂದು ನೋಡಿದರೆ ಹುಲ್ಲಿನ ಮೇಲೆ ಹಲಗೆ ಹಾಸಿ ಸಾಲಾಗಿ ಜೋಡಿಸಿದ ಕಲ್ಲುಗಳು, ಒಂದೊಂದರ ಮುಖದ ಮೇಲೂ ಬಿಳಿ ಗೀಚು. ಪೋಲಿ ಹುಡುಗರು ಗೋಡೆಗೆ ಗೀಚಿದ ಹಾಗೆ. ಆ ಲೇಡಿ ಇದನ್ನು ನೋಡಿದರೆ ರೇವನ್‌ಹೋಪಿನ ಹೆಂಗಸರಿಗೆ ಉಜ್ಜುವ ಒಂದು ಬ್ರಷ್ಷೂ ಗತಿಯಿಲ್ಲ ಅಂದುಕೊಳ್ಳುತ್ತಾಳಲ್ಲ ಅನ್ನಿಸಿತು. ಅಮ್ಮ ನಮ್ಮನ್ನು ಹೇಗೆ ಬೆಳೆಸಿದಳು ನಿನಗೆ ಗೊತ್ತು. ಹೆಣ ಹೊರಡುವ ದಿನವೂ ಹೊಸ್ತಿಲು ಉಜ್ಜಿ ಅಂಚಿಗೆ ಬಿಳಿ ಬಳಿಯದೆ ಬಾಗಿಲು ತೆರೆಯುವ ಹಾಗಿರಲಿಲ್ಲ. ಯಾರ ಹೊಸ್ತಿಲು ಹೇಗಿದೆ ಅನ್ನುವುದರ ಮೇಲೇ ಈ ಬೀದಿಯಲ್ಲಿ ಹೆಂಗಸಿನ ಬೆಲೆ.

ಅಂಕಿ ಅಂತ ಗೊತ್ತಿರಲಿಲ್ಲವೇ ಅಂತ ಕಾರ್ಸ್‌ವೆಲ್ ಕೇಳಿದರು. ಗೊತ್ತಿತ್ತು. ಹನ್ನೊಂದು ವರ್ಷಕ್ಕೆ ಸ್ಕೂಲು ಬಿಟ್ಟರೂ ಅರವತ್ತಮೂರರ ತನಕ ಎಣಿಸಲು ಬರುತ್ತದೆ. ಆದರೆ ಗುಡಿಸಲಿನ ಮೇಜಿನ ಮೇಲೆ ರಾಲ್ಫ್ ಬರೆದ ನಕ್ಷೆ ಇತ್ತು. ಒಂದೊಂದು ಕಲ್ಲನ್ನೂ ಬರೆದು ಒಳಗೆ ಅಂಕಿ ಹಾಕಿದ್ದ. ಕಾಗದದಲ್ಲಿ ಎಲ್ಲ ಬರೆದಾಯಿತಲ್ಲ, ಕಲ್ಲಿನ ಮೇಲಿನದು ಎಣಿಸುವಾಗ ಹಾಕಿದ ಗುರುತು, ಇನ್ನೇನು ಬೇಕು ಅಂದುಕೊಂಡೆ. ಓದಿದವರು ಹಾಗೆ ಅಂದುಕೊಳ್ಳುವುದಿಲ್ಲವೇನೋ. ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿದೆ. ಹತ್ತು ಗಂಟೆಯಾಯಿತು. ಅಷ್ಟು ಚೆನ್ನಾಗಿ ನಾನು ಯಾವ ಹೊಸ್ತಿಲನ್ನೂ ತೊಳೆದಿಲ್ಲ.

ಮಧ್ಯಾಹ್ನ ರಾಲ್ಫ್ ಸುಣ್ಣದ ಗಾಡಿಯೊಂದಿಗೆ ಬಂದು ಕಲ್ಲುಗಳ ಮುಂದೆ ನಿಂತ. ಅವನ ಮುಖ ನೋಡಿದಾಗಲೇ ನನಗೆ ಗೊತ್ತಾದದ್ದು, ನಾನು ಏನು ಮಾಡಿದೆ ಅಂತ. ಬಾಯಿ ತೆರೆದೆ. ಅಷ್ಟರಲ್ಲಿ ನೀನು ಹಿಂದಿನಿಂದ, “ಬೆಳಿಗ್ಗೆ ಒಂದು ಜೋರು ಮಳೆ ಬಂತು ಕಣೋ” ಅಂದೆ. ಕಲ್ಲುಗಳೂ ಇನ್ನೂ ಒದ್ದೆಯಿದ್ದವು. ಆ ಮಾತನ್ನು ದೇವರೇ ನನಗಾಗಿ ನಿನ್ನ ಬಾಯಲ್ಲಿ ಹಾಕಿದ ಅಂದುಕೊಂಡೆ. ನೀನು ಒದ್ದೆ ಕಲ್ಲು ನೋಡಿ ಮಳೆ ಅಂತ ಊಹಿಸಿದೆ, ಪಾಪ, ಅಂತ ಇಷ್ಟು ವರ್ಷ ನಂಬಿದ್ದೇನೆ. ಮಾರನೆ ವಾರ ಅವನನ್ನು ತೆಗೆದುಹಾಕಿದರು. ಆಮೇಲೆ ಅವನಿಗೆ ಯಾರೂ ಒಳ್ಳೆಯ ಗೋಡೆ ಕೊಡಲಿಲ್ಲ. ಕಲ್ಲುಗಣಿಯಲ್ಲಿ ಜಲ್ಲಿ ಒಡೆದ. ಪ್ರತಿ ಭಾನುವಾರ ನಾನು ಅವನಿಗೆ ಟೀ ಕೊಟ್ಟೆ. ಅವನು ಯಾಕೆ ಆಡಬೇಕಾದ ಮಾತು ಆಡಲಿಲ್ಲ ಅಂತ ಕೇಳಿದ್ದೆಯಲ್ಲ. ಆ ಜುಲೈನಲ್ಲಿ ಆಡುವವನಿದ್ದ. ಕೆಲಸ ಹೋದವನು ಏನಂತ ಆಡುತ್ತಾನೆ?

ಕಾರ್ಸ್‌ವೆಲ್ ಎಲ್ಲವನ್ನೂ ಬರೆದುಕೊಂಡರು. ಬಯ್ಯಲಿಲ್ಲ. ನಗು ತಡೆದುಕೊಂಡ ಹಾಗಿತ್ತು, ಅದಕ್ಕಿಂತ ಬೈಗುಳ ಮೇಲು.

“ಹಾಗಾದ್ರೆ ರಾಲ್ಫ್‌ನ ಪಟ್ಟಿಗೆ ಸೇರಿಸ್ತೀರಾ ಸರ್?” ಅಂದೆ.

“ಅಯ್ಯೋ ಮಿಸ್ ಡಾಡ್, ಪಟ್ಟಿ ಬುಧವಾರವೇ ಸಹಿಯಾಗಿ ಹೋಯ್ತಲ್ಲ. ಈ ಸಲ ಪಟ್ಟಣದ ಕಂಟ್ರಾಕ್ಟರಿಗೆ ಕೊಟ್ಟಿದ್ದೀವಿ.”

ತಿಂಗಳ ಕೊನೆಗೆ ಅಂದಿದ್ದರು, ಹತ್ತನೇ ತಾರೀಖಿಗೇ ಮುಗಿಸಿದ್ದಾರೆ. ಎರಡು ದಿನ, ಲ್ಯಾನ್ಸ್. ನಾನು ಸೋಮವಾರವೇ ಕೋಟು ಹಾಕಿಕೊಂಡು ಗೇಟಿನ ತನಕ ಹೋಗಿ ವಾಪಸು ಬಂದಿದ್ದೆ.

ರಾಲ್ಫ್ ಗಣಿಯಿಂದ ಬರುವ ದಾರಿಯಲ್ಲಿ ಕಾದು ನಿಂತು ಹೇಳಿದೆ. ಅವನು ಪೂರ್ತಿ ಕೇಳಿದ.

“ಅರವತ್ತಮೂರೂ?”

“ಅರವತ್ತಮೂರೂ.”

“ಎಂಟು ವರ್ಷ ನಂಗೆ ಟೀಗೆ ಎಷ್ಟು ಸಕ್ಕರೆ ಅಂತ ಕೇಳಿದ್ಯಲ್ಲ ಹ್ಯಾನಾ, ಒಂದ್ಸಲಾನೂ ಮರೀದೆ. ಪಕ್ಕದಲ್ಲೇ ಈ ನಿಜವೂ ಇತ್ತಲ್ಲ, ಇದನ್ನೂ ಒಂದ್ಸಲ ಕೊಡ್ಬಹುದಿತ್ತು.”

ಆಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದ. ಇವತ್ತು ಭಾನುವಾರ. ಬರಲಿಲ್ಲ. ಕೇಕು ಹಾಗೇ ಇದೆ.

ನಿನ್ನ ಹೆಸರಿಗೆ ಏನೂ ಆಗುವುದಿಲ್ಲ. ನೀನು ಒದ್ದೆ ಕಲ್ಲು ನೋಡಿ ಹೇಳಿದ್ದು ಅಂತಲೇ ಹೇಳಿದ್ದೇನೆ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಮಾಡಿಕೊಂಡರೂ ಕಾಗದ ಬರಿ.

ಹ್ಯಾನಾ

ಬಲ್ಲಾರಟ್
25 ಆಗಸ್ಟ್ 1963

ಅಕ್ಕ,

ನಿನಗೆ ಬುದ್ಧಿಯಿಲ್ಲ. ಯಾವತ್ತೂ ಇರಲಿಲ್ಲ.

ನನಗೆ ಗೊತ್ತಿತ್ತು. ಈಗ ಬಾಯಿ ಬಿಡಿಸಿದ್ದೀಯ, ಕೇಳು. ನಾನು ಬಿಸಿ ಕೋಣೆಯ ಗೋಡೆಗೆ ಗಾರೆ ತುಂಬಲು ಸಾರವೆ ಹತ್ತಿದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ನೀನು ಹುಲ್ಲಿನ ಮೇಲೆ ಮಂಡಿಯೂರಿ, ಅಮ್ಮನ ಹಾಡು ದೊಡ್ಡ ಗಂಟಲಲ್ಲಿ ಹಾಡಿಕೊಂಡು, ಸೊಂಟ ಅಲ್ಲಾಡಿಸಿಕೊಂಡು ಉಜ್ಜುತ್ತಿದ್ದೆ. ಯಾರಿಗಾಗಿ ಸುಮ್ಮನಿದ್ದೆ ಅಂದುಕೊಂಡೆ? ನಾನು ಹೇಳಿದ್ದರೆ ಮರುದಿನವೇ ನಿನ್ನ ಬೀಗದ ಕೈ ಹೋಗುತ್ತಿತ್ತು. ಊರೆಲ್ಲ ನಗುತ್ತಿತ್ತು. ಮಳೆ ಅನ್ನುವ ಮಾತು ದೇವರು ಹಾಕಿದ್ದಲ್ಲ, ನಾನೇ ಹುಡುಕಿದ್ದು. ರಾಲ್ಫ್‌ಗೆ ಎರಡು ಕೈ ಇತ್ತು, ಗಂಡಸು, ಎಲ್ಲಿಯಾದರೂ ಬದುಕಿಕೊಳ್ಳುತ್ತಿದ್ದ. ಎಂಟು ವರ್ಷ ನಿನಗಾಗಿ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನೀನು ಒಂದು ಶುಕ್ರವಾರ ಬೀದಿಗೆ ಎಸೆದೆ. ಈಗ ಅವನೂ ಇಲ್ಲ, ಹೆಸರೂ ಇಲ್ಲ. ಸಂತೋಷವೇ?

ಇನ್ನು ಈ ವಿಷಯ ಬರೆಯಬೇಡ. ಡಾರಿನ್ ನಿನ್ನ ಕಾಗದ ಓದುತ್ತಾಳೆ.

ಲ್ಯಾನ್ಸ್

ರೇವನ್‌ಹೋಪ್
3 ನವೆಂಬರ್ 1963

ಲ್ಯಾನ್ಸ್,

ಇದನ್ನು ಡಾರಿನ್ ಓದಿದರೆ ಓದಲಿ.

ಗೋಡೆ ಎದ್ದಿದೆ. ಪಟ್ಟಣದವರು ಒಂಬತ್ತು ವಾರ ಕೆಲಸ ಮಾಡಿದರು. ಫೋಟೋ ನೋಡಿ ಒಂದೊಂದು ಕಲ್ಲನ್ನೂ ಹುಡುಕಿ, ಈ ಸಲ ಬೆನ್ನಿಗೆ ಎಣ್ಣೆ ಬಣ್ಣದಲ್ಲಿ ಅಂಕಿ ಹಾಕಿ ಕೂರಿಸಿದ್ದಾರೆ. ಕೆಲಸ ಚೆನ್ನಾಗಿದೆ ಅಂತ ಎಲ್ಲರೂ ಅನ್ನುತ್ತಾರೆ. ರಾಲ್ಫ್ ಒಂದು ಸಲವೂ ಆ ಕಡೆ ಬರಲಿಲ್ಲ. ಗಣಿಗೆ ಹೋಗುವಾಗ ಮೇಲಿನ ರಸ್ತೆ ಹಿಡಿಯುತ್ತಾನೆ, ಅರ್ಧ ಮೈಲಿ ಸುತ್ತು.

ಬಚ್ಚಲು ನೋಡಲು ಬರುವವರಿಗೆ ಮಾರುವ ಪುಸ್ತಿಕೆ ಹೊಸದಾಗಿ ಅಚ್ಚಾಗಿ ಬಂದಿದೆ. ಕಾರ್ಸ್‌ವೆಲ್ ಆಮೇಲೆ ನನಗೆ ಮಾತು ಕೊಟ್ಟ ಹಾಗೆ, ಅಂಕಿ ಅಳಿಸಿದ ತಪ್ಪಿಗೆ ಹಳೆಯದರಲ್ಲಿ ಹಾಕಿದ್ದ ರಾಲ್ಫ್ ಹೆಸರು ತೆಗೆದಿದ್ದಾರೆ. ಅದರ ಜಾಗದಲ್ಲಿ ಇರುವುದು ಇದು: ‘1955ರ ದುರಸ್ತಿಯಲ್ಲಿ ಸ್ಥಳೀಯ ಕೆಲಸಗಾರರ ಅಜ್ಞಾನದಿಂದ ಕಲ್ಲುಗಳ ಗುರುತು ನಾಶವಾಯಿತು. ಈಗ ಸರಿಪಡಿಸಲಾಗಿದೆ.’ ಒಂದು ಪ್ರತಿಯನ್ನು ರಾಲ್ಫ್‌ನ ಬಾಗಿಲಿಗೆ ತೆಗೆದುಕೊಂಡು ಹೋದೆ. ಒಳಗೆ ಕರೆಯಲಿಲ್ಲ. ನಿಂತಲ್ಲೇ ಓದಿದ.

“ಮೊದ್ಲು ಒಬ್ಬನ ತಪ್ಪು ಅಂದಿದ್ರು. ಈಗ ಊರಿಗೆಲ್ಲ ಹಂಚಿದ್ದಾರೆ. ನಂಗೂ ಒಂದು ಪಾಲು ಬಂತು.”

“ನಿನ್ನ ಹೆಸರಿಲ್ಲ ರಾಲ್ಫ್. ನೋಡು, ಎಲ್ಲೂ ಇಲ್ಲ.”

“ಆ ಕೆಲ್ಸದಲ್ಲಿ ಇದ್ದ ಸ್ಥಳೀಯರು ಎಷ್ಟು ಜನ ಹ್ಯಾನಾ? ನಾನು, ನಿನ್ನ ತಮ್ಮ. ಅವನು ಈಗ ಸ್ಥಳೀಯ ಅಲ್ಲ.”

ಪುಸ್ತಿಕೆಯನ್ನು ನನ್ನ ಕೈಗೇ ಕೊಟ್ಟು ಬಾಗಿಲು ಹಾಕಿಕೊಂಡ. ಜೋರಾಗಿ ಹಾಕಲಿಲ್ಲ. ಜೋರಾಗಿ ಹಾಕಿದ್ದರೆ ನಾನು ಇಷ್ಟು ಹೊತ್ತು ಅದನ್ನೇ ಯೋಚಿಸುತ್ತಿರಲಿಲ್ಲ.

ನನ್ನ ಬೀಗದ ಕೈಯನ್ನೂ ತೆಗೆದುಕೊಂಡರು. ಕಾಗದ ಬಹಳ ಮರ್ಯಾದೆಯಿಂದ ಬರೆದಿದ್ದರು, ನನ್ನ ದೀರ್ಘ ಸೇವೆಗೆ ಕೃತಜ್ಞತೆ ಅಂತ. ಈಗ ಅಂಗಡಿಯ ಹೆಂಗಸಿನ ಹತ್ತಿರ ಇದೆ. ನೀನು ಹೆದರಿದ್ದು ನಡೆಯಿತು. ಊರು ನಕ್ಕಿತು, ಹದಿನೈದು ದಿನ. ಇಗರ್ಜಿಯಲ್ಲಿ ಯಾರೋ, “ಹ್ಯಾನಾಳನ್ನ ಗೋರಿಗಳ ಹತ್ತಿರ ಬಿಡ್ಬೇಡ್ರಪ್ಪ, ಸತ್ತೋರ ಹೆಸರು ತೊಳೆದುಬಿಟ್ಟಾಳು” ಅಂದರು. ನಾನೂ ನಕ್ಕೆ. ಆಮೇಲೆ ಬೇರೆ ವಿಷಯ ಸಿಕ್ಕಿತು ಅವರಿಗೆ. ಲ್ಯಾನ್ಸ್, ಅಷ್ಟೇ ಆದದ್ದು. ಹದಿನೈದು ದಿನದ ನಗು. ಎಂಟು ವರ್ಷ ಅದಕ್ಕೆ ಹೆದರಿ ಕೂತಿದ್ದೆ.

ಈಗ ನಿನ್ನ ಕಾಗದದ ಮಾತು. ಓದಿದ ದಿನ ನೀನು ನನಗಾಗಿ ಎಷ್ಟು ಹೊತ್ತೆ ಅಂತ ಅತ್ತೆ. ಕ್ಷಮಿಸು ಅಂತ ಒಂದು ಕಾಗದವನ್ನೂ ಬರೆದೆ. ಅಂಚೆಗೆ ಹಾಕುವ ಮೊದಲು ನಿನ್ನದನ್ನು ಇನ್ನೊಮ್ಮೆ ಓದಿದೆ. ನನಗೆ ಓದು ನಿಧಾನ, ನಿನಗೆ ಗೊತ್ತು, ಬೆರಳಿಟ್ಟು ಓದುವವಳು. ಒಂದು ಪದದ ಮೇಲೆ ಬೆರಳು ನಿಂತಿತು.

ನಾನು ಹಾಡುತ್ತಿದ್ದೆ ಅಂತ ಬರೆದಿದ್ದೀಯ.

ಹಾಡುತ್ತಿದ್ದೆ, ನಿಜ. ಅದನ್ನು ನಾನು ಕಾರ್ಸ್‌ವೆಲ್‌ಗೂ ಹೇಳಿಲ್ಲ, ರಾಲ್ಫ್‌ಗೂ ಹೇಳಿಲ್ಲ, ನಿನಗೂ ಬರೆದಿಲ್ಲ. ಹಾಗಾದರೆ ನೀನು ಕೇಳಿದ್ದು ಖಂಡಿತ. ಆದರೆ ನಾನು ಹಾಡಿದ್ದು ಮೊದಲಲ್ಲಿ ಮಾತ್ರ. ಅಮ್ಮನ ಹಾಡಿಗೆ ನಾಲ್ಕು ಚರಣ. ನಾಲ್ಕನ್ನೂ ಒಂದು ಸಲ ಹಾಡಿ ಮುಗಿಸಿದೆ. ಅಷ್ಟರಲ್ಲಿ ಸೋಡಾ ನೀರು ಬೆರಳ ಬಿರುಕಿಗೆ ಇಳಿದು ಉರಿ ಹತ್ತಿತು, ಉಸಿರೂ ಸಾಲಲಿಲ್ಲ. ಆಮೇಲೆ ಹತ್ತು ಗಂಟೆಯ ತನಕ ಹಲ್ಲು ಕಚ್ಚಿಕೊಂಡೇ ಉಜ್ಜಿದ್ದು. ಇದು ನನಗೆ ಚೆನ್ನಾಗಿ ನೆನಪಿದೆ. ಬೇರೇನು ಮರೆತರೂ ಆ ಬೆಳಗಿನ ಒಂದು ಚೂರೂ ನಾನು ಮರೆತಿಲ್ಲ.

ನಾನು ಕಲ್ಲುಗಳನ್ನು ಒಂದರಿಂದ ಶುರು ಮಾಡಿ ಸಾಲಾಗಿ ಬಂದವಳು. ನಾಲ್ಕು ಚರಣಕ್ಕೆ ಎಷ್ಟು ಕಲ್ಲು ತೊಳೆಯಬಹುದು? ಮೊನ್ನೆ ಹಿತ್ತಲಿನಲ್ಲಿ ಬಕೆಟ್ಟು ಇಟ್ಟುಕೊಂಡು, ಅದೇ ಹಾಡು ಹೇಳಿಕೊಂಡು, ಚಪ್ಪಡಿ ಉಜ್ಜಿ ನೋಡಿದೆ. ಪಕ್ಕದ ಮನೆಯವಳು ನನಗೆ ತಲೆ ಕೆಟ್ಟಿದೆ ಅಂದುಕೊಂಡಳು. ಎರಡು. ಬಹಳ ಆದರೆ ಮೂರು.

ನೀನು ಸಾರವೆಯ ಮೇಲಿದ್ದೆ. ನಲವತ್ತು ಗಜ ದೂರ. “ಅಕ್ಕಾ” ಅಂದಿದ್ದರೆ ಸಾಕಿತ್ತು. ಮೂರು ಕಲ್ಲಿನ ಅಂಕಿ ಹೋಗಿದ್ದರೆ ಉಳಿದ ಅರವತ್ತನ್ನು ಜೋಡಿಸಿ ಆ ಮೂರನ್ನು ಹುಡುಕುವುದು ನಿಮ್ಮಂಥವರಿಗೆ ಟೀ ಕುಡಿಯುವ ಹೊತ್ತಿನ ಕೆಲಸ. ನಿನಗೆ ಬೇಡವಾಗಿತ್ತೇನೋ. ಆ ವಸಂತದಲ್ಲಿ ಮೇಸ್ತ್ರಿ ಕೆಲಸ ನಿನ್ನನ್ನು ಬಿಟ್ಟು ಅವನಿಗೆ ಕೊಟ್ಟರು ಅಂತ ನೀನು ಎರಡು ದಿನ ಊಟ ಮಾಡಿರಲಿಲ್ಲ. ಅವನು ಹೋದ ಮೇಲೆ ಅದು ನಿನಗೇ ಬಂತು. ಪ್ರಮಾಣಪತ್ರ ತರಲು ಹೋಗುವ ದಿನ ನಿನ್ನ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ನಾನೇ.

ನಾನು ತೊಳೆದದ್ದು ನನ್ನದೇ ತಪ್ಪು, ಅದನ್ನು ನಿನ್ನ ಮೇಲೆ ಹಾಕುವುದಿಲ್ಲ. ನನಗೆ ಚಿಂತೆ ಮಾಡುವ ರೋಗ, ಇಲ್ಲದ್ದನ್ನೆಲ್ಲ ಕಟ್ಟಿಕೊಳ್ಳುತ್ತೇನೆ ಅಂತ ನೀನೇ ಹೇಳುತ್ತಿದ್ದೆ. ಇದೂ ಹಾಗೇ ಇರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ನೀನು ಕಡೆಯಲ್ಲಿ ಸಾರವೆ ಹತ್ತಿರಬಹುದು. ನಾನು ನಡುವೆ ಎಲ್ಲೋ ಮತ್ತೆ ಹಾಡಿರಬಹುದು.

ಅದಕ್ಕೇ ಒಂದು ವಿಷಯ ಮಾತ್ರ ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಂಡು ನೋಡಿ ಬರಿ. ನೀನು ನನ್ನನ್ನು ಕಂಡಾಗ ನಾನು ಎಷ್ಟನೇ ಕಲ್ಲಿನ ಮುಂದೆ ಮಂಡಿಯೂರಿದ್ದೆ?

ಹ್ಯಾನಾ ಡಾಡ್